ಹಳೆಯ ಹೈ ಕಂಪ್ರೆಷನ್ ಬೈಕ್, ಹೊಸ ಪೆಟ್ರೋಲ್: ಎಂಜಿನ್ ನಾಕಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟ್ರಯಂಫ್ ಬಾನವಿಲ್, ನಾರ್ಟನ್ ಕಮಾಂಡೋ, ಬಿಎಸ್‌ಎ ಎ65ರಂಥ 1960-70ರ ದಶಕದ ಬ್ರಿಟಿಷ್ ಟ್ವಿನ್‌ಗಳನ್ನು (ಎರಡು ಸಿಲಿಂಡರ್ ಬೈಕ್‌ಗಳನ್ನು) ಇವತ್ತಿನ ಪೆಟ್ರೋಲ್‌ನಲ್ಲಿ ಓಡಿಸುವವರು ಕೇಳುವ ಪ್ರಶ್ನೆಗಳು ಇವು. ಲೆಕ್ಕ ಹಾಕಬೇಕಾದ ಕಡೆಯಲ್ಲೆಲ್ಲ 650 ಸಿ.ಸಿ. ಬಾನವಿಲ್ ಟಿ120ನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ: 71 ಮಿ.ಮೀ. ಬೋರ್ (ಸಿಲಿಂಡರ್ ಅಗಲ), 82 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಟದ ಉದ್ದ), 9:1 ಕಂಪ್ರೆಷನ್ (ಮಿಶ್ರಣವನ್ನು ಒಂಬತ್ತನೇ ಒಂದು ಗಾತ್ರಕ್ಕೆ ಒತ್ತುವುದು). ಬೇರೆ ಬೈಕ್ ಇದ್ದವರು ತಮ್ಮ ಮ್ಯಾನ್ಯುಯಲ್‌ನ ಅಂಕಿ ಹಾಕಿಕೊಂಡರೆ ಸಾಕು, ಹುಡುಕುವ ದಾರಿ ಬದಲಾಗುವುದಿಲ್ಲ.

ನಾಕಿಂಗ್ ಆಗುವಾಗ ಸಿಲಿಂಡರ್ ಒಳಗೆ ನಿಜವಾಗಿ ಏನು ನಡೆಯುತ್ತದೆ?

ಪ್ಲಗ್ ಕಿಡಿ ಹಾರಿಸಿದ ಮೇಲೆ ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅದು ಇನ್ನೂ ಮುಟ್ಟದ ಮೂಲೆಯಲ್ಲಿರುವ ಮಿಶ್ರಣ ಅಷ್ಟರಲ್ಲಿ ಒತ್ತಡಕ್ಕೂ ಬಿಸಿಗೂ ಸಿಕ್ಕಿ ಕಾಯುತ್ತಿರುತ್ತದೆ. ಜ್ವಾಲೆ ಬಂದು ತಲುಪುವುದರೊಳಗೆ ಆ ಮಿಶ್ರಣ ತಾನಾಗಿಯೇ, ಒಟ್ಟಿಗೆ ಹೊತ್ತಿಕೊಂಡರೆ ಒತ್ತಡದ ಅಲೆಯೆದ್ದು ಸಿಲಿಂಡರ್ ಗೋಡೆಗಳ ನಡುವೆ ಹಿಂದೆ ಮುಂದೆ ಅಪ್ಪಳಿಸುತ್ತದೆ. 71 ಮಿ.ಮೀ. ಬೋರ್‌ನಲ್ಲಿ ಆ ಅಲೆಯ ಕಂಪನ ಸೆಕೆಂಡಿಗೆ ಸುಮಾರು 7ರಿಂದ 8 ಸಾವಿರ ಸಲ. ಹಾಗಾಗಿಯೇ ನಾಕಿಂಗ್ ಸದ್ದು ಸಣ್ಣಗೆ, ಚೂಪಾಗಿ ಕೇಳಿಸುತ್ತದೆ.

ಹಾನಿ ಮಾಡುವುದು ಈ ಅಲೆ. ಪಿಸ್ಟನ್ ತಲೆಗೂ ಉರಿಯುವ ಅನಿಲಕ್ಕೂ ನಡುವೆ ಸದಾ ಒಂದು ತೆಳುವಾದ, ಕಡಿಮೆ ಬಿಸಿಯ ಪದರ ಇರುತ್ತದೆ. ಅಲ್ಯೂಮಿನಿಯಂ ಕರಗದೆ ಉಳಿಯುವುದು ಅದರಿಂದ. ಅಲೆ ಆ ಪದರವನ್ನು ಒರೆಸಿಹಾಕಿದರೆ ಶಾಖ ನೇರವಾಗಿ ಲೋಹಕ್ಕೆ ಇಳಿಯುತ್ತದೆ. ಮೊದಲು ಪಿಸ್ಟನ್ ಅಂಚು ಮರಳು ಹೊಡೆದಂತೆ ತರಿತರಿಯಾಗುತ್ತದೆ, ಆಮೇಲೆ ರಿಂಗ್ ಕೂರುವ ತೋಡುಗಳ ನಡುವಿನ ಲೋಹ ಮುರಿಯುತ್ತದೆ.

ಪ್ರೀ-ಇಗ್ನಿಷನ್ ಅಂದರೂ ಇದೇನಾ?

ಅಲ್ಲ. ನಾಕಿಂಗ್ ಆಗುವುದು ಕಿಡಿ ಹಾರಿದ ನಂತರ. ಪ್ರೀ-ಇಗ್ನಿಷನ್‌ನಲ್ಲಿ ಕಿಡಿಗೂ ಮೊದಲೇ ಕೆಂಪಗೆ ಕಾದ ಯಾವುದೋ ಒಂದು ಬಿಂದು ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಅದು ಇಂಗಾಲದ ಚೂರು ಇರಬಹುದು, ತೀರಾ ಬಿಸಿ ಶ್ರೇಣಿಯ ಪ್ಲಗ್ ಇರಬಹುದು, ಸವೆದು ಅಂಚು ಚೂಪಾದ ಎಗ್ಸಾಸ್ಟ್ ವಾಲ್ವ್ ಇರಬಹುದು. ಇದು ಸದ್ದೇ ಇಲ್ಲದೆ ಪಿಸ್ಟನ್ ನಡುವೆ ತೂತು ಕೊರೆಯಬಲ್ಲದು. ನಾಕಿಂಗ್ ಹೆಚ್ಚು ಹೊತ್ತು ನಡೆದರೆ ಭಾಗಗಳು ಕಾದು ಪ್ರೀ-ಇಗ್ನಿಷನ್ ಶುರುವಾಗುತ್ತದೆ. ಒಂದನ್ನು ಸಹಿಸಿಕೊಂಡರೆ ಇನ್ನೊಂದು ಬರುತ್ತದೆ.

ನನ್ನ ಬೈಕ್‌ನಲ್ಲಿ ಕೇಳುವ ಸದ್ದು ನಾಕಿಂಗೋ, ಬೇರಿಂಗೋ, ಟ್ಯಾಪೆಟ್ಟೋ ತಿಳಿಯುವುದು ಹೇಗೆ?

ಪೆಟ್ರೋಲ್ ಬದಲಿಸುವ ಮೊದಲು, ಜೆಟ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ರಂಧ್ರದ ತುಂಡು) ಮುಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಹಳೆಯ ಬ್ರಿಟಿಷ್ ಟ್ವಿನ್‌ನಲ್ಲಿ ಹತ್ತು ಬಗೆಯ ಸದ್ದುಗಳಿವೆ. ಎಲ್ಲವನ್ನೂ ಪೆಟ್ರೋಲ್ ತಲೆಗೆ ಕಟ್ಟುವವರು ತುಂಬ ಜನ.

ನಾಕಿಂಗ್ ಲೋಡ್‌ಗೆ ಅಂಟಿಕೊಂಡಿರುತ್ತದೆ. ಟಾಪ್ ಗೇರಿನಲ್ಲಿ, 2500ರಿಂದ 3000 ಆರ್‌ಪಿಎಂನಲ್ಲಿ, ಏರಿನಲ್ಲಿ ಎಕ್ಸಲರೇಟರ್ ಪೂರ್ತಿ ತಿರುಗಿಸಿದಾಗ ಬರುತ್ತದೆ. ಎಕ್ಸಲರೇಟರ್ ಸ್ವಲ್ಪ ಬಿಟ್ಟ ಕೂಡಲೇ ಮಾಯ. ಎಂಜಿನ್ ತಣ್ಣಗಿದ್ದಾಗ ಸಾಮಾನ್ಯವಾಗಿ ಇರುವುದಿಲ್ಲ, ಚೆನ್ನಾಗಿ ಕಾದ ಮೇಲೆ ಜೋರಾಗುತ್ತದೆ.

ಪಿಸ್ಟನ್ ಸ್ಲ್ಯಾಪ್ ಇದಕ್ಕೆ ತದ್ವಿರುದ್ಧ. ಬೆಳಿಗ್ಗೆ ಕಿಕ್ ಹೊಡೆದಾಗ ಟಕಟಕ ಅನ್ನುತ್ತದೆ, ಕಾದು ಪಿಸ್ಟನ್ ಹಿಗ್ಗಿದ ಮೇಲೆ ಅಡಗುತ್ತದೆ. ಟ್ಯಾಪೆಟ್ ಸದ್ದು ಕ್ರ್ಯಾಂಕ್ ಎರಡು ಸುತ್ತಿಗೆ ಒಂದು ಸಲ ಬರುವುದರಿಂದ ನಿಧಾನವಾದ ಟಿಕ್‌ಟಿಕ್, ಲೋಡ್ ಹೆಚ್ಚಾದರೂ ಕಡಿಮೆಯಾದರೂ ಅದೇ ಲಯ. ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಕೂಡುವ ಬೇರಿಂಗ್) ಹೋಗಿದ್ದರೆ ದಪ್ಪಗೆ, ಹೊಟ್ಟೆಯೊಳಗಿನಿಂದ ಬಂದಂತೆ ದಡ್‌ದಡ್ ಎನ್ನುತ್ತದೆ. ಎಕ್ಸಲರೇಟರ್ ಬಿಟ್ಟು ಮತ್ತೆ ಕೊಡುವ ಆ ಗಳಿಗೆಯಲ್ಲಿ ಅದು ಎದ್ದು ಕೇಳುತ್ತದೆ. ಮೇನ್ ಬೇರಿಂಗ್‌ನದು ಬಡಿತಕ್ಕಿಂತ ಗುಡುಗು ಹೆಚ್ಚು, ಕಾಲಿಟ್ಟ ಫುಟ್‌ರೆಸ್ಟ್‌ಗೂ ತಿಳಿಯುತ್ತದೆ.

ಇವುಗಳ ಜೊತೆಗೆ ಲ್ಯೂಕಸ್ ಆಲ್ಟರ್ನೇಟರ್ ರೋಟರ್ (ವಿದ್ಯುತ್ ಉತ್ಪಾದಿಸುವ ಸಾಧನದ ತಿರುಗುವ ಭಾಗ) ಒಂದಿದೆ. ಕ್ರ್ಯಾಂಕ್ ತುದಿಯಲ್ಲಿ ಕೂರುವ ಆ ರೋಟರ್‌ನ ಮಧ್ಯದ ಉಕ್ಕಿನ ತಿರುಳು ಹೊರಗಿನ ಅಯಸ್ಕಾಂತದ ಭಾಗದಿಂದ ಸಡಿಲವಾಗುವುದು ಹಳೆಯ ಕಾಯಿಲೆ. ಸಡಿಲವಾದರೆ ಬಿಗ್ ಎಂಡ್ ಹೋದಂಥದೇ ಸದ್ದು. ಎಂಜಿನ್ ಇಳಿಸುವ ಮುಂಚೆ ಪ್ರೈಮರಿ ಕವರ್ ಬಿಚ್ಚಿ, ರೋಟರ್ ಹಿಡಿದು ತಿರುಚಿ ನೋಡಿ. ಈ ರೋಟರ್ ಟೈಮಿಂಗ್ (ಕಿಡಿ ಹಾರುವ ಗಳಿಗೆ) ವಿಷಯದಲ್ಲೂ ಮತ್ತೆ ಎದುರಾಗುತ್ತದೆ.

ಬೇಗ ಖಚಿತಪಡಿಸಿಕೊಳ್ಳುವ ಪರೀಕ್ಷೆ ಏನಾದರೂ ಇದೆಯೇ?

ಎರಡು ಇವೆ. ಒಂದು, ಟೈಮಿಂಗನ್ನು ತಾತ್ಕಾಲಿಕವಾಗಿ 3-4 ಡಿಗ್ರಿ ಹಿಂದಕ್ಕೆ ತಂದು ಅದೇ ಏರಿನಲ್ಲಿ, ಅದೇ ಗೇರಿನಲ್ಲಿ ಹೋಗಿಬನ್ನಿ. ಸದ್ದು ತಗ್ಗಿದರೆ ಅಥವಾ ನಿಂತರೆ ಅದು ಉರಿಯುವಿಕೆಗೆ ಸಂಬಂಧಿಸಿದ್ದು. ಒಂದಿಷ್ಟೂ ಬದಲಾಗದಿದ್ದರೆ ಲೋಹದ ಸದ್ದು. ಎರಡು, ಟ್ಯಾಂಕ್ ಖಾಲಿ ಮಾಡಿ 100 ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಪೆಟ್ರೋಲ್ ಮಾತ್ರ ಹಾಕಿ ನೋಡಿ. ಅದು ದುಬಾರಿಯೇ, ಆದರೆ ಪರೀಕ್ಷೆಗೆ ಎರಡು ಲೀಟರ್ ಸಾಕು. ಪೂರ್ತಿ ಟ್ಯೂನ್ ಕೆಟ್ಟ ಎಂಜಿನ್ 100 ಆಕ್ಟೇನ್‌ನಲ್ಲೂ ಬಡಿಯಬಹುದು. ಆದ್ದರಿಂದ ಇಲ್ಲಿ ಸದ್ದು ನಿಂತರೆ ಅದು ಸಾಕ್ಷಿ. ನಿಲ್ಲದಿದ್ದರೆ ಅದರಿಂದ ಏನೂ ತೀರ್ಮಾನಿಸಬೇಡಿ.

ಈ ಪರೀಕ್ಷೆಗಳಲ್ಲಿ ಸದ್ದು ಕೇಳಿದ ತಕ್ಷಣ ಎಕ್ಸಲರೇಟರ್ ಬಿಡಬೇಕು. ಇನ್ನೊಂದು ಸಲ ಕೇಳೋಣ ಎಂದು ಏರಿನುದ್ದಕ್ಕೂ ಹಿಡಿದಿಟ್ಟರೆ ಪರೀಕ್ಷೆಯೇ ಪಿಸ್ಟನ್ ತಿನ್ನುತ್ತದೆ.

ಅಪ್ಪನ ಕಾಲದಲ್ಲಿ ಇದೇ ಬೈಕ್ ಬಡಿಯದೆ ಓಡುತ್ತಿತ್ತು. ಈಗ ಏನಾಯಿತು?

ಆ ಬೈಕ್ ಕಂಡ ಪೆಟ್ರೋಲ್ ಬೇರೆ. 1921ರ ಡಿಸೆಂಬರಿನಲ್ಲಿ ಜನರಲ್ ಮೋಟರ್ಸ್‌ನಲ್ಲಿ ಥಾಮಸ್ ಮಿಜ್ಲಿಯ ತಂಡ ಟೆಟ್ರಾಈಥೈಲ್ ಲೆಡ್ ನಾಕಿಂಗ್ ತಡೆಯುವುದನ್ನು ಕಂಡುಕೊಂಡಿತು. ಅಲ್ಲಿಂದ ಮುಂದಿನ ದಶಕಗಳಲ್ಲಿ ಎಂಜಿನ್ ವಿನ್ಯಾಸಗಾರರು ಸೀಸವಿದೆ ಎಂದು ನಂಬಿಯೇ ಕಂಪ್ರೆಷನ್ ಏರಿಸುತ್ತ ಹೋದರು. ಬ್ರಿಟನ್ನಿನಲ್ಲಿ 1967ರಿಂದ ಪೆಟ್ರೋಲ್‌ಗೆ ನಕ್ಷತ್ರದ ಗುರುತು ಬಂತು. ನಾಲ್ಕು ನಕ್ಷತ್ರವೆಂದರೆ ಕನಿಷ್ಠ 97 ಆರ್‌ಒಎನ್ (ಆಕ್ಟೇನ್ ಅಳೆಯುವ ಒಂದು ಕ್ರಮ), ಐದು ನಕ್ಷತ್ರವೆಂದರೆ 100. ಬಾನವಿಲ್‌ನ 9:1 ಆ ಬಂಕ್‌ಗಳನ್ನು ಎದುರಿಗಿಟ್ಟುಕೊಂಡು ಮಾಡಿದ್ದು.

ಬ್ರಿಟನ್ನಿನಲ್ಲಿ ಸೀಸದ ಪೆಟ್ರೋಲ್ ಸಾಮಾನ್ಯ ಮಾರಾಟ 1999ರ ಕೊನೆಗೆ ನಿಂತಿತು, ಭಾರತದಲ್ಲಿ 2000ದ ಫೆಬ್ರುವರಿಯಿಂದ. ಸೀಸ ಮಕ್ಕಳ ಮಿದುಳಿಗೆ ವಿಷ. ಅದು ಹೋದದ್ದು ಒಳ್ಳೆಯದೇ ಆಯಿತು, ಅದರ ಬಗ್ಗೆ ಕೊರಗುವುದಕ್ಕೆ ಕಾರಣವಿಲ್ಲ. ನಂತರ ಬಂದದ್ದು ಎಥನಾಲ್. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಇ10 (ಶೇ. 10ರವರೆಗೆ ಎಥನಾಲ್ ಬೆರೆಸಿದ್ದು) ಆಯಿತು. ಭಾರತದಲ್ಲಿ ಇ20ಗೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. 2025ರ ಹೊತ್ತಿಗೆ ಅದು ದೇಶದ ಸಾಮಾನ್ಯ ಪೆಟ್ರೋಲ್ ಆಗಿತ್ತು.

ಪೆಟ್ರೋಲ್ ಹೀಗೆ ಬದಲಾಗುತ್ತ ಬಂದಿದೆ. ಕಾರ್ಬುರೇಟರ್ ಒಳಗಿನ ಜೆಟ್ ಮಾತ್ರ ಬಹಳ ಬೈಕ್‌ಗಳಲ್ಲಿ ಕಾರ್ಖಾನೆ ಹಾಕಿಕೊಟ್ಟದ್ದೇ ಉಳಿದಿದೆ.

ಆದರೆ ಎಥನಾಲ್ ಆಕ್ಟೇನ್ ಹೆಚ್ಚಿಸುತ್ತದೆ ಅನ್ನುತ್ತಾರಲ್ಲ. ಹಾಗಿದ್ದರೆ ನಾಕಿಂಗ್ ಕಡಿಮೆ ಆಗಬೇಕಿತ್ತಲ್ಲ?

ಮಾತು ನಿಜ. ಎಥನಾಲ್‌ನ ಆರ್‌ಒಎನ್ 108ರ ಆಸುಪಾಸು. ಆವಿಯಾಗುವಾಗ ಅದು ಪೆಟ್ರೋಲ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರಿ ಒಳಬರುವ ಗಾಳಿಯನ್ನು ತಂಪು ಮಾಡುತ್ತದೆ. ಭಾರತದ ಇ20 ಸುಮಾರು 95 ಆರ್‌ಒಎನ್, ಹಿಂದಿನ ಸಾಮಾನ್ಯ ಪೆಟ್ರೋಲ್ 91 ಇತ್ತು. ಆಕ್ಟೇನ್ ಒಂದನ್ನೇ ನೋಡಿದರೆ ನಮಗೆ ಲಾಭವೇ ಆಗಿದೆ.

ತೊಂದರೆ ಗಾಳಿ-ಪೆಟ್ರೋಲ್ ಅನುಪಾತದಲ್ಲಿ. ಎಥನಾಲ್ ಅಣುವಿನಲ್ಲಿ ಮೊದಲೇ ಆಮ್ಲಜನಕ ಇದೆ. ಶುದ್ಧ ಪೆಟ್ರೋಲ್ ಸರಿಯಾಗಿ ಉರಿಯಲು ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕು, ಇ10ಕ್ಕೆ ಸುಮಾರು 14.1, ಇ20ಗೆ ಸುಮಾರು 13.5. ಇಂಜೆಕ್ಷನ್ ಇರುವ ಹೊಸ ಬೈಕ್‌ನಲ್ಲಿ ಆಕ್ಸಿಜನ್ ಸೆನ್ಸರ್ ಇದನ್ನು ಗಮನಿಸಿ ಪೆಟ್ರೋಲ್ ಹೆಚ್ಚಿಸುತ್ತದೆ. ಈ ಹಳೆಯ ಬೈಕ್‌ಗಳ ಅಮಾಲ್ ಕಾರ್ಬುರೇಟರ್‌ಗೆ ಹಾಗೆ ತಿಳಿಯುವ ದಾರಿ ಇಲ್ಲ. ಅದೇ ಜೆಟ್‌ನಲ್ಲಿ ಇ20 ಹರಿದರೆ ಮಿಶ್ರಣ ಶೇ. 7-8ರಷ್ಟು ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಆಗುತ್ತದೆ. ಮೊದಲೇ ಅಂಚಿನಲ್ಲಿದ್ದ ಎಂಜಿನ್ ಇದರಿಂದ ಬಿಸಿಯಾಗಿ ಬಡಿಯತೊಡಗುತ್ತದೆ. ಆಕ್ಟೇನ್ ಕೊಟ್ಟ ಲಾಭವನ್ನು ಲೀನ್ ಮಿಶ್ರಣ ತಿಂದುಹಾಕುತ್ತದೆ. ಹಾಗಾಗಿ ನಾಕಿಂಗ್‌ಗೆ ಮದ್ದು ಬಂಕ್‌ನಲ್ಲಿ ಸಿಗುವುದು ಕಡಿಮೆ. ಹೆಚ್ಚಿನ ಸಲ ಸಿಗುವುದು ಸ್ಟ್ರೋಬ್ ಲೈಟ್ (ಟೈಮಿಂಗ್ ನೋಡುವ ಮಿಣುಕು ದೀಪ) ಮತ್ತು ಜೆಟ್‌ಗಳಲ್ಲಿ ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಲು ಏನನ್ನು ನೋಡಬೇಕು?

ಟೈಮಿಂಗ್. ಪ್ರತಿ ಸಲವೂ ಟೈಮಿಂಗೇ ಮೊದಲು.

650 ಬಾನವಿಲ್ ಯುನಿಟ್ ಎಂಜಿನ್‌ಗೆ ಪೂರ್ತಿ ಅಡ್ವಾನ್ಸ್ (ವೇಗ ಹೆಚ್ಚಿದಂತೆ ಕಿಡಿ ಮುಂಚೆ ಹಾರುವುದು) ಆದಾಗ ಟಿಡಿಸಿಗೆ (ಪಿಸ್ಟನ್ ತೀರಾ ಮೇಲೆ ತಲುಪುವ ಬಿಂದು) 38 ಡಿಗ್ರಿ ಮೊದಲು ಕಿಡಿ ಹಾರಬೇಕು. ಕಮಾಂಡೋಗೆ 28 ಡಿಗ್ರಿ. ಎಂಜಿನ್ ನಿಲ್ಲಿಸಿ, ಪಾಯಿಂಟ್ (ಕಿಡಿ ಹಾರಿಸುವ ಸ್ವಿಚ್) ನಡುವೆ ಸಿಗರೇಟ್ ಕಾಗದ ಇಟ್ಟು ನೋಡುವ ವಿಧಾನ ಬೈಕ್ ಸ್ಟಾರ್ಟ್ ಮಾಡಿಕೊಳ್ಳಲು ಸಾಕು, ನಾಕಿಂಗ್ ಹುಡುಕಲು ಸಾಲದು. ಎಂಜಿನ್ ಓಡುತ್ತಿರುವಾಗ, 3000 ಆರ್‌ಪಿಎಂಗೂ ಮೇಲೆ, ಎರಡೂ ಸಿಲಿಂಡರ್‌ಗಳನ್ನು ಬೇರೆ ಬೇರೆಯಾಗಿ ಸ್ಟ್ರೋಬ್‌ನಲ್ಲಿ ನೋಡಬೇಕು.

ಬೇರೆ ಬೇರೆಯಾಗಿ ಎಂದು ಒತ್ತಿ ಹೇಳುವುದಕ್ಕೆ ಕಾರಣ ಲ್ಯೂಕಸ್ 4ಸಿಎ ಪಾಯಿಂಟ್ ಪ್ಲೇಟ್. 1968ಕ್ಕಿಂತ ಹಿಂದಿನ ಬೈಕ್‌ಗಳಲ್ಲಿರುವ ಅದರಲ್ಲಿ ಎರಡೂ ಪಾಯಿಂಟ್‌ಗಳು ಒಂದೇ ಪ್ಲೇಟ್ ಮೇಲೆ ಕೂತಿವೆ. ಒಂದು ಸಿಲಿಂಡರ್ ಟೈಮಿಂಗ್ ಸರಿಮಾಡಿ ಪ್ಲೇಟ್ ಬಿಗಿದ ಮೇಲೆ ಇನ್ನೊಂದನ್ನು ಹೊಂದಿಸಲು ಪಾಯಿಂಟ್ ಗ್ಯಾಪ್ ಬಿಟ್ಟರೆ ಬೇರೆ ಉಪಾಯವಿಲ್ಲ. ಹೀಗಾಗಿ ಒಂದು ಸಿಲಿಂಡರ್ 38ರಲ್ಲಿದ್ದರೆ ಇನ್ನೊಂದು 41-42ರಲ್ಲಿ ಸುಮ್ಮನೆ ಓಡುತ್ತಿರುತ್ತದೆ, ಬಡಿಯುವುದೂ ಅದೊಂದೇ. 1968ರಿಂದ ಬಂದ 6ಸಿಎ ಪ್ಲೇಟ್‌ನಲ್ಲಿ ಎರಡನ್ನೂ ಪ್ರತ್ಯೇಕವಾಗಿ ಸರಿಪಡಿಸಬಹುದು. ಹಳೆಯ ಬೈಕ್‌ಗೂ ಅದನ್ನೋ ಎಲೆಕ್ಟ್ರಾನಿಕ್ ಇಗ್ನಿಷನ್ನನ್ನೋ ಹಾಕಿಸಿಕೊಳ್ಳುವುದು ಒಳ್ಳೆಯದು. ಕಾರ್ಖಾನೆಯಿಂದ ಬಂದಂತೆಯೇ ಇರಲಿ ಎನ್ನುವವರ ಭಾವನೆ ನನಗೆ ಅರ್ಥವಾಗುತ್ತದೆ. ಆದರೂ ಹಳೆಯ ಪ್ಲೇಟ್ ಡಬ್ಬಿಯಲ್ಲಿ ಜೋಪಾನವಾಗಿರುತ್ತದೆ, ಪಿಸ್ಟನ್ ಹಾಗಲ್ಲ.

ಪಾಯಿಂಟ್ ಹಿಂದಿನ ಆಟೋ ಅಡ್ವಾನ್ಸ್ ಯುನಿಟ್ಟನ್ನೂ ಬಿಚ್ಚಿ ನೋಡಿ. ಸ್ಪ್ರಿಂಗ್ ಜೋತುಬಿದ್ದರೆ ಕಡಿಮೆ ಆರ್‌ಪಿಎಂನಲ್ಲೇ ಅಡ್ವಾನ್ಸ್ ಪೂರ್ತಿ ತೆರೆದುಕೊಳ್ಳುತ್ತದೆ. ಏರಿನಲ್ಲಿ ಎಂಜಿನ್ ಹೆಣಗುವಾಗ ಅಷ್ಟು ಅಡ್ವಾನ್ಸ್ ಸಿಕ್ಕರೆ ಬಡಿತ ಖಂಡಿತ. ತುಕ್ಕು ಹಿಡಿದು ತೂಕಗಳು ತೆರೆದೇ ಸಿಕ್ಕಿಕೊಂಡರೆ ಕಿಕ್ಕರ್ ವಾಪಸ್ ಒದೆಯುತ್ತದೆ, ಐಡಲ್ ಏರುತ್ತದೆ. 1972ರ ನಾರ್ಟನ್ ಕಮಾಂಡೋ ಕಾಂಬ್ಯಾಟ್ ಎಂಜಿನ್‌ಗೆ 10:1 ಕಂಪ್ರೆಷನ್ ಇತ್ತು. ಮೇನ್ ಬೇರಿಂಗ್ ಹೋಗುವುದಕ್ಕೆ ಅದು ಕುಖ್ಯಾತ. ಅಷ್ಟು ಬಿಗಿಯಾದ ಎಂಜಿನ್‌ನಲ್ಲಿ ಅಡ್ವಾನ್ಸ್ ಯುನಿಟ್ ಸವೆದು ಟೈಮಿಂಗ್ ಅಲೆದಾಡಿದರೆ ಪಿಸ್ಟನ್‌ಗೆ ಉಳಿಗಾಲವಿಲ್ಲ.

ಸ್ಟ್ರೋಬ್‌ನಲ್ಲಿ ಗುರುತು ಸರಿಯಾಗಿಯೇ ಕೂಡುತ್ತಿದೆ, ಆದರೂ ಬಡಿಯುತ್ತದೆ.

ಗುರುತೇ ಸುಳ್ಳು ಹೇಳುತ್ತಿರಬಹುದು. ಟೈಮಿಂಗ್ ಗುರುತು ಇರುವುದು ಮೇಲೆ ಹೇಳಿದ ರೋಟರ್ ಮೇಲೆ. ತಿರುಳಿನ ಮೇಲೆ ಹೊರಭಾಗ ಒಂದಿಷ್ಟು ಜಾರಿ ನಿಂತಿದ್ದರೆ ಗುರುತಿನ ಜೊತೆ ನಿಮ್ಮ ಟೈಮಿಂಗೂ ಅಷ್ಟೇ ಜಾರಿರುತ್ತದೆ. ಒಮ್ಮೆ ಕ್ರ್ಯಾಂಕ್‌ಗೆ ಡಿಗ್ರಿ ಡಿಸ್ಕ್ (ಕೋನ ಅಳೆಯುವ ತಟ್ಟೆ) ಹಾಕಿ ಪರೀಕ್ಷಿಸಿ. ಪ್ಲಗ್ ತೂತಿನಲ್ಲಿ ಪಿಸ್ಟನ್ ತಡೆಯುವ ಸ್ಟಾಪ್ ಕೂರಿಸಿ, ಕ್ರ್ಯಾಂಕನ್ನು ಕೈಯಲ್ಲಿ ಎರಡೂ ಕಡೆಗೆ ಮೆಲ್ಲಗೆ ತಿರುಗಿಸಿ ತಡೆಯುವ ಎರಡು ಬಿಂದುಗಳನ್ನು ಗುರುತಿಸಿಕೊಳ್ಳಿ. ಅವುಗಳ ನಟ್ಟನಡುವೆ ಇರುವುದೇ ನಿಜವಾದ ಟಿಡಿಸಿ. ಅಲ್ಲಿಂದ 38 ಡಿಗ್ರಿ ಹಿಂದಕ್ಕೆ ಬಂದಾಗ ರೋಟರ್ ಗುರುತು ಸೂಚಿಗೆ ನೇರವಾಗಿರಬೇಕು.

ಬಾನವಿಲ್‌ಗೆ 38 ಡಿಗ್ರಿ, ಕಮಾಂಡೋಗೆ 28. ಇಷ್ಟು ವ್ಯತ್ಯಾಸ ಏಕೆ?

ಟ್ರಯಂಫ್ ಹೆಡ್ ಆಳವಾದ ಅರ್ಧಗೋಳ. 9:1 ಬರಬೇಕಾದರೆ ಪಿಸ್ಟನ್ ತಲೆ ಗುಮ್ಮಟದಂತೆ ಉಬ್ಬಿ ಆ ಗೋಳದೊಳಗೆ ನುಗ್ಗಬೇಕು. ಒಂದು ಪಕ್ಕದಲ್ಲಿರುವ ಪ್ಲಗ್‌ನಿಂದ ಹೊರಟ ಜ್ವಾಲೆ ಆ ಗುಮ್ಮಟವನ್ನು ಸುತ್ತಿ ಆಚೆ ಮೂಲೆಗೆ ಹೋಗಬೇಕು. ದಾರಿ ಉದ್ದ, ಹೊತ್ತೂ ಹೆಚ್ಚು, ಆದ್ದರಿಂದ ಕಿಡಿ ಬೇಗ ಹಾರಬೇಕು. ಆಚೆ ಮೂಲೆಯ ಮಿಶ್ರಣ ಅಷ್ಟೂ ಹೊತ್ತು ಕಾಯುತ್ತ ಕೂರುವುದರಿಂದ ಟ್ರಯಂಫ್ ನಾಕಿಂಗ್‌ಗೆ ಬೇಗ ಬಲಿಯಾಗುತ್ತದೆ. ನಾರ್ಟನ್ ಹೆಡ್‌ನಲ್ಲಿ ಬೆಂಕಿ ಬೇಗ ಹರಡುತ್ತದೆ. ಇಬ್ಬರೂ ಕಾಗದದ ಮೇಲೆ 9:1 ಇದ್ದರೂ ಇಬ್ಬರಿಗೂ ಬೇಕಾಗುವ ಆಕ್ಟೇನ್ ಒಂದೇ ಅಲ್ಲ.

ಮಿಶ್ರಣ ಲೀನ್ ಆಗಿದೆಯೇ ಎಂದು ನೋಡುವುದು ಹೇಗೆ? ಜೆಟ್ ಎಷ್ಟು ಏರಿಸಬೇಕು?

ಜೆಟ್ ಮುಟ್ಟುವ ಮೊದಲು ಗಾಳಿ ಸೋರಿಕೆ ಹುಡುಕಿ. ಅಮಾಲ್ ಕಾನ್‌ಸೆಂಟ್ರಿಕ್ ಕಾರ್ಬುರೇಟರ್‌ನ ಫ್ಲ್ಯಾಂಜ್ ನಟ್ ಅತಿಯಾಗಿ ಬಿಗಿದವರ ಕೈಯಲ್ಲಿ ಬಿಲ್ಲಿನಂತೆ ಬಾಗುತ್ತದೆ, ಓ-ರಿಂಗ್ ಎಷ್ಟೇ ಹೊಸದಾದರೂ ನಡುವೆ ಗಾಳಿ ನುಸುಳುತ್ತದೆ. ಎಂಜಿನ್ ತಣ್ಣಗಿರುವಾಗಲೇ ಐಡಲ್‌ನಲ್ಲಿ ಬಿಟ್ಟು ಆ ಸಂದಿಗೆ ಸ್ವಲ್ಪ ಕಾರ್ಬ್ ಕ್ಲೀನರ್ ಸಿಂಪಡಿಸಿ. ಐಡಲ್ ಬದಲಾದರೆ ಸೋರಿಕೆ ಇದೆ. ಬಿಸಿ ಸೈಲೆನ್ಸರ್ ಪೈಪ್‌ಗೆ ತಾಗದಂತೆ ಎಚ್ಚರವಿರಲಿ. ಫ್ಲ್ಯಾಂಜನ್ನು ಗಾಜಿನ ಮೇಲೆ ಎಮರಿ ಕಾಗದ ಹಾಸಿ ಉಜ್ಜಿ ಸಮ ಮಾಡಬಹುದು.

ಆಮೇಲೆ ಪೆಟ್ರೋಲ್ ಹರಿವು. ಟ್ಯಾಂಕ್ ತುಕ್ಕು, ಮುಚ್ಚಳದ ಗಾಳಿ ರಂಧ್ರ ಕಟ್ಟಿರುವುದು, ಟ್ಯಾಪ್‌ನ ಜಾಲರಿ: ಇವುಗಳಲ್ಲಿ ಯಾವುದಿದ್ದರೂ ಊರೊಳಗೆ ಗೊತ್ತಾಗುವುದಿಲ್ಲ, ಹೈವೇಯಲ್ಲಿ ಹತ್ತು ನಿಮಿಷ ಜೋರಾಗಿ ಹೋದಾಗ ಫ್ಲೋಟ್ ಬೌಲ್ ಬರಿದಾಗುತ್ತ ಬಂದು ಬಡಿತ ಶುರುವಾಗುತ್ತದೆ. ಆಗ ಎಷ್ಟು ದೊಡ್ಡ ಜೆಟ್ ಹಾಕಿದರೂ ಪ್ರಯೋಜನವಿಲ್ಲ.

ಇವೆಲ್ಲ ಸರಿಯಿದ್ದರೆ ಈಗ ಜೆಟ್. ಇ20ಗೆ ಮೇನ್ ಜೆಟ್ ಶೇ. 5ರಿಂದ 8 ಏರಿಸಿ ಶುರುಮಾಡಿ. ಅಂದರೆ 200 ಇದ್ದರೆ 210. ನೀಡಲ್ ಒಂದು ತೋಡು ಮೇಲೆ, ಎಂದರೆ ಕ್ಲಿಪ್ ಒಂದು ತೋಡು ಕೆಳಗೆ. ನಾಕಿಂಗ್ ಅರ್ಧ ಎಕ್ಸಲರೇಟರ್‌ನಲ್ಲಿ ಬರುತ್ತಿದ್ದರೆ ಮೇನ್ ಜೆಟ್ ಬದಲಿಸಿ ಫಲವಿಲ್ಲ, ಅಲ್ಲಿ ಕೆಲಸ ಮಾಡುವುದು ನೀಡಲ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಡಿ. ಎರಡು ಕಾರ್ಬುರೇಟರ್ ಇರುವ ಬೈಕ್‌ನಲ್ಲಿ ಎರಡೂ ಸ್ಲೈಡ್ ಒಂದೇ ಕ್ಷಣದಲ್ಲಿ ಏಳುತ್ತಿವೆಯೇ ಎಂದು ಬೆರಳಿಟ್ಟು ನೋಡಿ. ಕೇಬಲ್ ಒಂದೆರಡು ಮಿ.ಮೀ. ಹೆಚ್ಚುಕಡಿಮೆಯಾದರೂ ಒಂದು ಸಿಲಿಂಡರ್ ಇನ್ನೊಂದರ ಹೊರೆಯನ್ನೂ ಹೊರುತ್ತದೆ.

ಪ್ಲಗ್ ಬಣ್ಣ ಕಾಫಿ ಬಣ್ಣದಲ್ಲಿದ್ದರೆ ಸರಿ ಅನ್ನುತ್ತಾರೆ. ನನ್ನದು ಬಿಳಿಯಾಗಿದೆ.

ಕಾಫಿ ಬಣ್ಣದ ನಿಯಮ ಸೀಸದ ಪೆಟ್ರೋಲ್ ಕಾಲದ್ದು. ಈಗಿನ ಪೆಟ್ರೋಲ್ ಪಿಂಗಾಣಿಯ ಮೂತಿಗೆ ಅಷ್ಟು ಬಣ್ಣ ಹಚ್ಚುವುದಿಲ್ಲ. ಬಿಳಿ ಕಂಡ ಮಾತ್ರಕ್ಕೆ ಗಾಬರಿ ಬೇಡ. ಪಿಂಗಾಣಿಯ ಬುಡದಲ್ಲಿ, ಲೋಹದೊಳಗೆ ಇಳಿಯುವ ಕಡೆ, ಕಪ್ಪು ಉಂಗುರ ಇದೆಯೇ ನೋಡಿ. ಇದ್ದರೆ ಮಿಶ್ರಣ ಲೀನ್ ಅಲ್ಲ. ಇದಕ್ಕೆ ಹೊಸ ಪ್ಲಗ್ ಹಾಕಿ, ಪೂರ್ತಿ ಎಕ್ಸಲರೇಟರ್‌ನಲ್ಲಿ ಸ್ವಲ್ಪ ದೂರ ಹೋಗಿ, ಕ್ಲಚ್ ಹಿಡಿದು ಇಗ್ನಿಷನ್ ಆರಿಸಿ ನಿಲ್ಲಿಸಿ ನೋಡಬೇಕು.

ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆಗಳೋ ಬೆಳ್ಳಗೆ ಹೊಳೆಯುವ ಸಣ್ಣ ಕಣಗಳೋ ಕಂಡರೆ ಅಲ್ಲಿಗೆ ಬೈಕ್ ನಿಲ್ಲಿಸಿ. ಹೊಳೆಯುವುದು ಪಿಸ್ಟನ್‌ನ ಅಲ್ಯೂಮಿನಿಯಂ.

ಪ್ಲಗ್ ಬದಲಿಸುವವರು ನೆನಪಿಡಬೇಕಾದದ್ದು: ಎನ್‌ಜಿಕೆ ಪ್ಲಗ್‌ನಲ್ಲಿ ಸಂಖ್ಯೆ ಹೆಚ್ಚಾದಂತೆ ತಂಪು, ಚಾಂಪಿಯನ್‌ನಲ್ಲಿ ಸಂಖ್ಯೆ ಹೆಚ್ಚಾದಂತೆ ಬಿಸಿ.

ನನ್ನ ಎಂಜಿನ್‌ನ ಕಂಪ್ರೆಷನ್ ನಿಜಕ್ಕೂ 9:1 ಇದೆಯೇ?

ಐವತ್ತು ವರ್ಷಗಳಲ್ಲಿ ಎಷ್ಟು ಬೋರಿಂಗ್ ಅಂಗಡಿ, ಎಷ್ಟು ಲೇತ್ ಕಂಡಿದೆಯೋ, ಮ್ಯಾನ್ಯುಯಲ್‌ನ ಅಂಕಿಯನ್ನು ನಂಬಬೇಡಿ. ಲೆಕ್ಕ ಸುಲಭ. ಒಂದು ಸಿಲಿಂಡರ್‌ನ ಸ್ಟ್ರೋಕ್ ಘನಗಾತ್ರ 324.7 ಸಿ.ಸಿ. 9:1 ಬರಬೇಕಾದರೆ ಟಿಡಿಸಿಯಲ್ಲಿ ಪಿಸ್ಟನ್ ಮೇಲೆ 40.6 ಸಿ.ಸಿ. ಜಾಗ ಉಳಿಯಬೇಕು.

ಈಗ ಹೆಡ್ ಬಾಗಿದೆ ಎಂದು ಯಾರೋ ಅರ್ಧ ಮಿ.ಮೀ. ಮಿಲ್ ಮಾಡಿಸಿದ್ದರೆ ಆ ಜಾಗದಲ್ಲಿ ಸುಮಾರು 2 ಸಿ.ಸಿ. ಹೋಗುತ್ತದೆ, ಕಂಪ್ರೆಷನ್ 9.4ಕ್ಕೆ ಏರುತ್ತದೆ. ಬೋರ್ ಮಾಡಿಸಿ 40 ಥೌ (ಸುಮಾರು 1 ಮಿ.ಮೀ.) ಓವರ್‌ಸೈಜ್ ಪಿಸ್ಟನ್ ಹಾಕಿದ್ದರೆ, ಮೇಲಿನ ಜಾಗ ಅಷ್ಟೇ ಇದ್ದರೂ ಸಾಕು, 9.2 ಆಗುತ್ತದೆ. ಎರಡೂ ಸೇರಿ, ಮೇಲೆ ಇಂಗಾಲ ಕಟ್ಟಿದ್ದರೆ ನೀವು ಓಡಿಸುತ್ತಿರುವುದು ಕಾರ್ಖಾನೆ ಯೋಚಿಸದ ಎಂಜಿನ್. ಇಂಗಾಲ ಜಾಗ ತಿನ್ನುವುದಷ್ಟೇ ಅಲ್ಲ, ಶಾಖ ಹೊರಹೋಗದಂತೆ ತಡೆದು ತಾನೇ ಕೆಂಡವಾಗುತ್ತದೆ. ವಾಲ್ವ್ ಗೈಡ್ ಸವೆದು ಎಣ್ಣೆ ಒಳಗಿಳಿಯುತ್ತಿದ್ದರೆ ಇಂಗಾಲ ಬೇಗ ಕಟ್ಟುತ್ತದೆ. ಎಣ್ಣೆಯ ಆವಿಯೂ ಮಿಶ್ರಣದ ಆಕ್ಟೇನ್ ಇಳಿಸುತ್ತದೆ. ನೀಲಿ ಹೊಗೆ ಬಿಡುವ ಬೈಕ್ ಬಡಿಯುವುದು ಹೀಗೆ.

ಅಳೆಯುವ ಕ್ರಮ: ಪಿಸ್ಟನ್ ಟಿಡಿಸಿಯಲ್ಲಿ, ಎರಡೂ ವಾಲ್ವ್ ಮುಚ್ಚಿ, ಪ್ಲಗ್ ತೂತು ಮೇಲ್ಮುಖವಾಗುವಂತೆ ಬೈಕ್ ವಾಲಿಸಿ, ತೆಳು ಎಣ್ಣೆಯನ್ನು ಅಳತೆಯ ಸಿರಿಂಜ್‌ನಿಂದ ತೂತಿನ ಒಳ ಅಂಚಿನವರೆಗೆ ತುಂಬಿಸಿ. ಎಷ್ಟು ಹಿಡಿಯಿತೋ ಅದೇ ಜಾಗ. ಕಂಪ್ರೆಷನ್ ಗೇಜ್ ಈ ಕೆಲಸಕ್ಕೆ ಬರುವುದಿಲ್ಲ, ಅದು ತೋರಿಸುವುದು ರಿಂಗ್ ಮತ್ತು ವಾಲ್ವ್‌ಗಳ ಆರೋಗ್ಯ.

ಟೈಮಿಂಗ್ ಹಿಂದಕ್ಕೆ ತರುವುದೋ, ಕಂಪ್ರೆಷನ್ ಇಳಿಸುವುದೋ?

ಎರಡು ಡಿಗ್ರಿವರೆಗೆ ಹಿಂದಕ್ಕೆ ತಂದರೆ ನಷ್ಟವಿಲ್ಲ. ಅದಕ್ಕಿಂತ ಹೆಚ್ಚು ತಂದರೆ ಬೆಂಕಿ ತಡವಾಗಿ ಉರಿದು ಎಗ್ಸಾಸ್ಟ್ ವಾಲ್ವ್ ಕಾಯುತ್ತದೆ, ಪೈಪ್ ನೀಲಿಗಟ್ಟುತ್ತದೆ, ಬೈಕ್ ಸೋಮಾರಿಯಾಗುತ್ತದೆ. ಜೆಟ್ಟೂ ಟೈಮಿಂಗೂ ಸರಿಯಾದ ಮೇಲೂ ಬಡಿತ ಉಳಿದರೆ ನಾನು ಹೇಳುವುದು ಕಂಪ್ರೆಷನ್ ಇಳಿಸಿ ಎಂದೇ. ಹೆಡ್ ಕೆಳಗೆ 1 ಮಿ.ಮೀ. ಹೆಚ್ಚು ದಪ್ಪದ ತಾಮ್ರದ ಗ್ಯಾಸ್ಕೆಟ್ ಹಾಕಿದರೆ 9:1 ಇದ್ದದ್ದು 8.3ಕ್ಕೆ ಬರುತ್ತದೆ. ಹೆಡ್ ಅಷ್ಟು ಮೇಲೆದ್ದಾಗ ಪುಶ್‌ರಾಡ್ ಟ್ಯೂಬ್ ಸೀಲ್‌ಗಳ ಒತ್ತಡ ತಗ್ಗಿ ಎಣ್ಣೆ ಸೋರುತ್ತದೆ. ಸೀಲ್ ಅಳತೆಯನ್ನೂ ಜೊತೆಗೇ ಹೊಂದಿಸಿ, ಟ್ಯಾಪೆಟ್ ಮತ್ತೆ ಸೆಟ್ ಮಾಡಿ. ಹೇಗೂ ಪಿಸ್ಟನ್ ಬದಲಿಸುವವರಿದ್ದರೆ ಕಡಿಮೆ ಕಂಪ್ರೆಷನ್ನಿನ ಪಿಸ್ಟನ್ನೇ ಕೇಳಿ ತರಿಸಿ. ನಾರ್ಟನ್ ಕೂಡ 10:1ರ ಕಾಂಬ್ಯಾಟ್ ನಂತರ 1973ರ 850ಕ್ಕೆ 8.5:1ಕ್ಕೆ ಇಳಿಯಿತು.

ಆಕ್ಟೇನ್ ಬೂಸ್ಟರ್ ಬಾಟಲಿ?

ಲೇಬಲ್ ಮೇಲಿನ "ಪಾಯಿಂಟ್" ಎಂಬುದನ್ನು ಸರಿಯಾಗಿ ಓದಿ. ಹಲವು ಬಾಟಲಿಗಳಲ್ಲಿ 10 ಪಾಯಿಂಟ್ ಎಂದರೆ ಒಂದೇ ಒಂದು ಆಕ್ಟೇನ್. ಅದರ ಬದಲು 97ರಿಂದ 100 ಆಕ್ಟೇನ್ ಪೆಟ್ರೋಲ್ ಹಾಕುವುದು ಮೇಲು. ಸೀಸ ಇರುವ ವಿಮಾನದ ಪೆಟ್ರೋಲ್ ತರಿಸುವ ಯೋಚನೆ ಬಿಡಿ.

ನಾನು ತಂದ ಪ್ರೀಮಿಯಂ ಪೆಟ್ರೋಲ್‌ನಲ್ಲಿ ಎಥನಾಲ್ ಇದೆಯೋ ಇಲ್ಲವೋ?

ಮನೆಯಲ್ಲೇ ನೋಡಬಹುದು. ಅಳತೆ ಗುರುತಿರುವ 100 ಮಿ.ಲೀ. ಗಾಜಿನ ಕೊಳವೆಯಲ್ಲಿ 20 ಮಿ.ಲೀ. ನೀರು, ಅದರ ಮೇಲೆ 80 ಮಿ.ಲೀ. ಪೆಟ್ರೋಲ್. ಮುಚ್ಚಿ ಕುಲುಕಿ ಹತ್ತು ನಿಮಿಷ ಬಿಡಿ. ಎಥನಾಲ್ ಪೆಟ್ರೋಲ್ ಬಿಟ್ಟು ನೀರಿಗೆ ಸೇರುತ್ತದೆ. ಕೆಳಗಿನ ಪದರ 20ರಲ್ಲೇ ನಿಂತರೆ ಎಥನಾಲ್ ಇಲ್ಲ, 35ರ ಆಸುಪಾಸಿಗೆ ಏರಿದರೆ ಅದು ಇ20. ಒಲೆಯ ಹತ್ತಿರ ಮಾಡಬೇಡಿ. ಎಥನಾಲ್ ಇಲ್ಲದ್ದನ್ನೂ ಇ20ಯನ್ನೂ ಒಂದೊಂದು ದಿನ ಒಂದೊಂದು ಹಾಕಿದರೆ ಜೆಟ್ ಯಾವುದಕ್ಕೂ ಹೊಂದುವುದಿಲ್ಲ. ಒಂದನ್ನು ಆರಿಸಿ ಅದಕ್ಕೇ ಟ್ಯೂನ್ ಮಾಡಿ.

ಬೆಂಗಳೂರಿನಲ್ಲಿ ಸದ್ದಿಲ್ಲ. ಮಂಗಳೂರಿಗೆ ಹೋಗಿ ವಾಪಸ್ ಶಿರಾಡಿ ಘಾಟಿ ಹತ್ತುವಾಗ ಬಡಿಯುತ್ತದೆ. ಅಲ್ಲಿಯ ಪೆಟ್ರೋಲ್ ಕಲಬೆರಕೆಯೇ?

ಬಂಕ್ ಮೇಲೆ ಅನುಮಾನ ಪಡುವ ಮೊದಲು ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 10 ಕಡಿಮೆ. ಸಿಲಿಂಡರ್ ತುಂಬುವುದೂ ಅಷ್ಟು ಕಡಿಮೆ, ಹಾಗಾಗಿ ಬೇಕಾಗುವ ಆಕ್ಟೇನ್ ಕೂಡ ಕಡಿಮೆ. ಕೆಳಗಿಳಿದಾಗ ಸಿಲಿಂಡರ್ ಪೂರ್ತಿ ತುಂಬುತ್ತದೆ. ಬೆಂಗಳೂರಿನಲ್ಲಿ ಹೊಂದಿಸಿದ ಜೆಟ್ ದಟ್ಟ ಗಾಳಿಯಲ್ಲಿ ಲೀನ್ ಆಗುತ್ತದೆ. ಅದರ ಮೇಲೆ ಕರಾವಳಿಯ ಸೆಕೆ, ಲಾರಿಗಳ ಹಿಂದೆ ಗಾಳಿ ತಾಗದೆ ನಿಧಾನದ ಏರು. ಘಾಟಿಯ ಬುಡದ ಗುಂಡ್ಯದಿಂದ ಮೇಲೆ ಒಂದು ಗೇರ್ ಇಳಿಸಿ ಓಡಿಸಿ. ಕಡಿಮೆ ಆರ್‌ಪಿಎಂನಲ್ಲಿ ಟಾಪ್ ಗೇರ್ ಎಳೆಸುವುದು ಈ ಎಂಜಿನ್‌ಗಳಿಗೆ ಎಲ್ಲಕ್ಕಿಂತ ದೊಡ್ಡ ಹಿಂಸೆ.

ನನ್ನದು ಬುಲೆಟ್. ಯೆಜ್ಡಿಯೂ ಇದೆ. ಇದೆಲ್ಲ ಅವಕ್ಕೂ ಬೇಕೇ?

ಎರಕದ ಕಬ್ಬಿಣದ ಹಳೆಯ 350 ಬುಲೆಟ್‌ನ ಕಂಪ್ರೆಷನ್ 6.5:1ರ ಸುಮಾರು. ಅದಕ್ಕೆ 91 ಆಕ್ಟೇನ್ ಧಾರಾಳ. ಅದು ಬಡಿಯುತ್ತಿದ್ದರೆ ಟೈಮಿಂಗ್ ತೀರಾ ಮುಂದಿದೆ, ಇಲ್ಲವೇ ಸದ್ದು ಲೋಹದ್ದು.

ಮೈಸೂರಿನ ಐಡಿಯಲ್ ಜಾವಾದ ಯೆಜ್ಡಿ, 1980ರ ದಶಕದ ರಾಜದೂತ್ 350ರಂಥ ಟೂ-ಸ್ಟ್ರೋಕ್‌ಗಳ ದಾರಿ ಬೇರೆ. ಅಲ್ಲಿ ನಾಕಿಂಗ್ ಕಂಡರೆ ಮೊದಲು ಕ್ರ್ಯಾಂಕ್ ಸೀಲ್ ನೋಡಬೇಕು. ಮ್ಯಾಗ್ನೆಟೊ ಕಡೆಯ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಅದರ ಮೂಲಕ ಎಳೆದ ಗಾಳಿ ಮಿಶ್ರಣವನ್ನು ಲೀನ್ ಮಾಡುತ್ತದೆ. ಜೊತೆಗೆ, ಸೀಜ್ ಆಗದಿರಲಿ ಎಂದು ಎರಡು ಪಟ್ಟು ಎಣ್ಣೆ ಬೆರೆಸುವುದು ಅಪಾಯಕಾರಿ. ಅದೇ ಜೆಟ್‌ನಲ್ಲಿ ಎಣ್ಣೆ ಹೆಚ್ಚು ಹರಿದಷ್ಟೂ ಪೆಟ್ರೋಲ್ ಕಡಿಮೆ ಹರಿಯುತ್ತದೆ, ಆಕ್ಟೇನೂ ಇಳಿಯುತ್ತದೆ.

ಫೈಬರ್ ಗ್ಲಾಸ್ ಟ್ಯಾಂಕ್ ಇದ್ದರೆ?

ಆರಂಭದ ಕಮಾಂಡೋಗಳಲ್ಲಿ ಅಂಥ ಟ್ಯಾಂಕ್ ಇದೆ. ಎಥನಾಲ್ ಅದರ ರೆಸಿನ್ನನ್ನು ಮೆದುವಾಗಿಸುತ್ತದೆ. ಕರಗಿದ ರೆಸಿನ್ ಅಂಟಾಗಿ ಕಾರ್ಬುರೇಟರ್‌ಗೂ ವಾಲ್ವ್‌ಗೂ ಹತ್ತುತ್ತದೆ, ಜೆಟ್ ಕಟ್ಟಿ ಲೀನ್ ಆಗುತ್ತದೆ. ಉಕ್ಕಿನ ಅಥವಾ ಅಲ್ಯೂಮಿನಿಯಂ ಟ್ಯಾಂಕ್‌ಗೆ ಬದಲಾಯಿಸಿಕೊಳ್ಳಿ. ಉಕ್ಕಿನ ಟ್ಯಾಂಕ್ ಇರುವವರು ಮಳೆಗಾಲದಲ್ಲಿ ಬೈಕ್ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಫ್ಲೋಟ್ ಬೌಲ್ ಖಾಲಿ ಮಾಡಿ. ಇ20 ತೇವ ಹೀರುತ್ತದೆ, ಹೆಚ್ಚಾದಾಗ ನೀರೂ ಎಥನಾಲೂ ಬೇರ್ಪಟ್ಟು ಟ್ಯಾಂಕ್ ತಳ ಸೇರುತ್ತವೆ. ಮೇಲೆ ಉಳಿಯುವುದು ಆಕ್ಟೇನ್ ಕಳೆದುಕೊಂಡ ಪೆಟ್ರೋಲ್.

ತಿಂಗಳುಗಳಿಂದ ಬಡಿಯುತ್ತಲೇ ಓಡಿಸಿದ್ದೇನೆ. ಈಗ ಸದ್ದು ನಿಂತಿದೆ. ಹೆಡ್ ಬಿಚ್ಚಲೇಬೇಕೆ?

ಮೊದಲು ಫೋನಿಗೆ ಜೋಡಿಸುವ ಬೋರ್‌ಸ್ಕೋಪ್ ಕ್ಯಾಮೆರಾವನ್ನು ಪ್ಲಗ್ ತೂತಿನಿಂದ ಇಳಿಸಿ ಪಿಸ್ಟನ್ ಅಂಚು ನೋಡಿ, ಮುಖ್ಯವಾಗಿ ಪ್ಲಗ್‌ಗೆ ದೂರದ ಕಡೆ. ಇಂಗಾಲ ಒಂದೇ ಸಮ ಇದ್ದರೆ ಓಡಿಸಬಹುದು. ಅಂಚಿನಲ್ಲಿ ಇಂಗಾಲ ಮಾಯವಾಗಿ ಬರಿಯ ಲೋಹ ತರಿತರಿಯಾಗಿ ಕಂಡರೆ, ಇಲ್ಲವೇ ಬ್ರೀದರ್ ಪೈಪ್‌ನಿಂದ ಮೊದಲಿಗಿಂತ ಹೆಚ್ಚು ಗಾಳಿ ಬರುತ್ತಿದ್ದರೆ, ಹೆಡ್ ಜೊತೆ ಬ್ಯಾರೆಲ್ಲನ್ನೂ ತೆಗೆಯಿರಿ. ರಿಂಗ್ ತೋಡಿನ ಬಿರುಕು ಮೇಲಿಂದ ಕಾಣುವುದಿಲ್ಲ. ಪಿಸ್ಟನ್ ಕಳಚಿ, ರಿಂಗ್ ತೆಗೆದು, ತೋಡುಗಳ ನಡುವಿನ ಲೋಹದ ಮೇಲೆ ಉಗುರು ಎಳೆದು ನೋಡಬೇಕು. ವಾಲ್ವ್ ಸೀಟನ್ನೂ ಆಗಲೇ ಪರೀಕ್ಷಿಸಿ: ಸೀಸವಿಲ್ಲದ ಪೆಟ್ರೋಲ್‌ನಲ್ಲಿ ಸೀಟ್ ತಗ್ಗಿ ಟ್ಯಾಪೆಟ್ ಗ್ಯಾಪ್ ಮುಚ್ಚಿಹೋದರೆ ಎಗ್ಸಾಸ್ಟ್ ವಾಲ್ವ್ ಪೂರ್ತಿ ಕೂರದೆ ಕಾಯುತ್ತದೆ. ಹಳೆಯ ತಾಮ್ರದ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕುವುದಾದರೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆದುಮಾಡಿಕೊಳ್ಳಿ. ಮೊದಲ ಸಲ ಎಂಜಿನ್ ಕಾದು ತಣಿದ ಮೇಲೆ ಹೆಡ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಇನ್ನೊಮ್ಮೆ ಬಿಗಿದು, ಟ್ಯಾಪೆಟ್ ಗ್ಯಾಪ್ ನೋಡಿದ ನಂತರವೇ ರಸ್ತೆಗೆ ತೆಗೆಯಿರಿ.